ಔತಣಕೂಟಕ್ಕಿಂತ ಕಡತವೇ ಹೆಚ್ಚು

ರಾಜತಾಂತ್ರಿಕ ಅಧಿಕಾರಿ ಎಂದೊಡನೆ ಸಾಮಾನ್ಯ ಓದುಗರ ಕಣ್ಣ ಮುಂದೆ ಬರುವುದು ಪತ್ರಿಕೆಗಳ ಮುಖಪುಟದಲ್ಲಿ ಅಚ್ಚಾಗುವ ದೃಶ್ಯಗಳು: ಬಂದ್‌ಗಲಾ ಕೋಟು ತೊಟ್ಟವರ ಸಾಲು, ಬಾವುಟ ಕಟ್ಟಿದ ಕಾರು, ಎರಡು ದೇಶಗಳ ನಾಯಕರು ಒಪ್ಪಂದಕ್ಕೆ ಸಹಿ ಹಾಕುವಾಗ ಪಕ್ಕದಲ್ಲಿ ನಿಂತು ಪುಟ ಮಗುಚುವ ಕೈಗಳು, ಸಂಜೆಯ ಔತಣಕೂಟ. ಇವೆಲ್ಲ ನಿಜವೇ ಆದರೂ ವಿದೇಶದಲ್ಲಿ ನಿಯೋಜಿತರಾದ ಅಧಿಕಾರಿಯ ವರ್ಷದಲ್ಲಿ ಇಂಥ ಗಳಿಗೆಗಳು ಬೆರಳೆಣಿಕೆಯಷ್ಟು ಮಾತ್ರ. ಸ್ಥಳೀಯ ಪತ್ರಿಕೆಗಳ ಓದು, ದೆಹಲಿಗೆ ಕಳುಹಿಸಬೇಕಾದ ವರದಿ, ಪಾಸ್‌ಪೋರ್ಟ್ ಕಳೆದುಕೊಂಡವರ ಅರ್ಜಿ, ಜೈಲಿನಲ್ಲಿರುವವರ ಭೇಟಿ, ಶವಾಗಾರದ ಕಾಗದಪತ್ರ, ಕಟ್ಟಡದ ಬಾಡಿಗೆ ಕರಾರು, ಲೆಕ್ಕಪರಿಶೋಧಕರ ಆಕ್ಷೇಪಣೆಗೆ ಸಮಜಾಯಿಷಿ ಮುಂತಾದವುಗಳಲ್ಲೇ ಉಳಿದ ದಿನಗಳು ಕಳೆದುಹೋಗುತ್ತವೆ. ನಮ್ಮ ತಾಲ್ಲೂಕು ಕಚೇರಿಯ ದಿನಚರಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಕೆಲಸದ ಈ ಭಾಗವೇ ಜನಸಾಮಾನ್ಯರ ಬದುಕಿಗೆ ತಾಗುವಂಥದ್ದು, ಆದರೆ ರಾಜತಾಂತ್ರಿಕತೆಯನ್ನು ಕುರಿತ ಬರಹಗಳಲ್ಲಿ ಅತ್ಯಂತ ಕಡಿಮೆ ಜಾಗ ಪಡೆದಿರುವುದೂ ಅದೇ.

ಈ ವೃತ್ತಿಯ ಚೌಕಟ್ಟನ್ನು ನಿಗದಿಪಡಿಸಿರುವುದು 1961ರ ಏಪ್ರಿಲ್ 18ರಂದು ವಿಯೆನ್ನಾದಲ್ಲಿ ಸಹಿಯಾದ, 53 ವಿಧಿಗಳ ಅಂತರರಾಷ್ಟ್ರೀಯ ಒಪ್ಪಂದ. ಭಾರತವು ಇದಕ್ಕೆ 1965ರಲ್ಲಿ ಸೇರ್ಪಡೆಯಾಗಿ, 1972ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ತನ್ನ ನೆಲದ ಕಾನೂನನ್ನಾಗಿ ಮಾಡಿಕೊಂಡಿತು. ಒಪ್ಪಂದದ ಮೂರನೆಯ ವಿಧಿಯು ರಾಯಭಾರ ಕಚೇರಿಯ ಕರ್ತವ್ಯಗಳನ್ನು ಹೇಳುತ್ತದೆ: ತನ್ನ ದೇಶವನ್ನು ಪ್ರತಿನಿಧಿಸುವುದು, ದೇಶದ ಮತ್ತು ಪ್ರಜೆಗಳ ಹಿತ ಕಾಯುವುದು, ಆತಿಥೇಯ ಸರ್ಕಾರದೊಂದಿಗೆ ಮಾತುಕತೆ ನಡೆಸುವುದು, ಅಲ್ಲಿನ ಸ್ಥಿತಿಗತಿಯನ್ನು ಕಾನೂನುಬದ್ಧ ಮಾರ್ಗಗಳಿಂದಲೇ ಅರಿತು ವರದಿ ಮಾಡುವುದು, ಸ್ನೇಹಸಂಬಂಧ ಬೆಳೆಸುವುದು. ರಾಯಭಾರಿಗಳಿಗಿರುವ ವಿನಾಯಿತಿಗಳ ಬಗ್ಗೆ ಜನರಲ್ಲಿ ಇರುವ ಅಸಮಾಧಾನಕ್ಕೂ ಈ ಒಪ್ಪಂದದ ಪೀಠಿಕೆಯಲ್ಲೇ ಉತ್ತರವಿದೆ. ವಿನಾಯಿತಿ ಇರುವುದು ವ್ಯಕ್ತಿಯ ಲಾಭಕ್ಕಲ್ಲ, ಕೆಲಸವು ಅಡ್ಡಿಯಿಲ್ಲದೆ ನಡೆಯಲೆಂದು ಎಂಬುದನ್ನು ಅದು ಸ್ಪಷ್ಟವಾಗಿ ಹೇಳಿದೆ. ಕಚೇರಿಯ ಆವರಣಕ್ಕೆ ಅಲ್ಲಿನ ಮುಖ್ಯಸ್ಥರ ಅನುಮತಿಯಿಲ್ಲದೆ ಸ್ಥಳೀಯ ಪೊಲೀಸರು ಕಾಲಿಡುವಂತಿಲ್ಲ, ರಾಜತಾಂತ್ರಿಕ ಟಪಾಲು ಚೀಲವನ್ನು ತೆರೆಯುವಂತಾಗಲಿ ತಡೆಹಿಡಿಯುವಂತಾಗಲಿ ಇಲ್ಲ, ಅಧಿಕಾರಿಯನ್ನು ಬಂಧಿಸುವಂತಿಲ್ಲ. ಅದೇ ಹೊತ್ತಿಗೆ ಅಧಿಕಾರಿಯು ಆ ದೇಶದ ಕಾನೂನನ್ನು ಗೌರವಿಸಬೇಕು, ಅದರ ಆಂತರಿಕ ವಿಚಾರಗಳಲ್ಲಿ ತಲೆಹಾಕಬಾರದು, ಸ್ವಂತ ಲಾಭಕ್ಕಾಗಿ ಯಾವ ವ್ಯಾಪಾರವನ್ನೂ ಮಾಡಬಾರದು.

ಆತಿಥೇಯ ದೇಶಕ್ಕೆ ಅಸಮಾಧಾನವಾದರೆ ಅದರ ಕೈಯಲ್ಲಿರುವ ಅಸ್ತ್ರ ಒಂಬತ್ತನೆಯ ವಿಧಿ. ಯಾವ ಕಾರಣವನ್ನೂ ಕೊಡದೆ ಒಬ್ಬ ಅಧಿಕಾರಿಯನ್ನು ‘ಪರ್ಸೋನಾ ನಾನ್ ಗ್ರಾಟಾ’, ಅಂದರೆ ಸ್ವಾಗತಾರ್ಹನಲ್ಲದ ವ್ಯಕ್ತಿ ಎಂದು ಘೋಷಿಸಿ ವಾಪಸು ಕಳುಹಿಸುವ ಹಕ್ಕನ್ನು ಅದು ಕೊಡುತ್ತದೆ. ಎರಡು ಸರ್ಕಾರಗಳು ಮುನಿಸಿಕೊಂಡಾಗ ಮೊದಲು ಪೆಟ್ಟು ಬೀಳುವುದು ಕೆಳಹಂತದ ಅಧಿಕಾರಿಗಳ ಸಂಸಾರಕ್ಕೇ ಎಂಬುದು ಈ ವೃತ್ತಿಯ ಹಳೆಯ ಅನುಭವ. ಭಾರತ ಮತ್ತು ಪಾಕಿಸ್ತಾನದ ಹೈಕಮಿಷನ್‌ಗಳ ಸಿಬ್ಬಂದಿ ಸಂಖ್ಯೆಯನ್ನು 2020ರಲ್ಲಿ ಅರ್ಧಕ್ಕೆ ಇಳಿಸಲಾಯಿತು. ಪಹಲ್ಗಾಮ್ ಭಯೋತ್ಪಾದಕ ದಾಳಿಯ ನಂತರ 2025ರಲ್ಲಿ ಅದು 55ರಿಂದ 30ಕ್ಕೆ ಇಳಿಯಿತು. ಇಂಥ ನಿರ್ಧಾರ ಹೊರಬಿದ್ದ ಕೆಲವೇ ದಿನಗಳಲ್ಲಿ ಮಕ್ಕಳನ್ನು ಶಾಲೆಯಿಂದ ಬಿಡಿಸಿ, ಮನೆ ಖಾಲಿ ಮಾಡಿ, ಸಾಮಾನು ಕಟ್ಟಿಕೊಂಡು ಗಡಿ ದಾಟುವವರ ಹೆಸರುಗಳು ಸುದ್ದಿಯಲ್ಲಿ ಬರುವುದಿಲ್ಲ.

ರಾಯಭಾರ ಕಚೇರಿಗೂ ಕಾನ್ಸುಲೇಟ್‌ಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ತಿಳಿಯುವುದು ಒಳ್ಳೆಯದು. ರಾಯಭಾರ ಕಚೇರಿ ರಾಜಧಾನಿಯಲ್ಲಿದ್ದು ಸರ್ಕಾರದೊಂದಿಗೆ ವ್ಯವಹರಿಸುತ್ತದೆ. ಕಾಮನ್‌ವೆಲ್ತ್ ದೇಶಗಳ ನಡುವೆ ಅದನ್ನೇ ಹೈಕಮಿಷನ್ ಎಂದು ಕರೆಯುತ್ತಾರೆ. ಕಾನ್ಸುಲೇಟ್ ಇತರ ದೊಡ್ಡ ನಗರಗಳಲ್ಲಿದ್ದು ವೀಸಾ, ಪಾಸ್‌ಪೋರ್ಟ್, ವ್ಯಾಪಾರ ಮತ್ತು ಸ್ವದೇಶದ ಪ್ರಜೆಗಳ ಯೋಗಕ್ಷೇಮವನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ದೇಶಗಳು ಇಂಥ ಕಚೇರಿಗಳನ್ನು ಹೊಂದಿದ್ದು, ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಗೊಂಡಿತು. ಕಾನ್ಸುಲರ್ ಅಧಿಕಾರಿಗಳಿಗೆ ಸಂಬಂಧಿಸಿದ ಒಪ್ಪಂದ ಬೇರೆಯದು, 1963ರದು. ಅದರಲ್ಲಿ ಸಿಗುವ ರಕ್ಷಣೆ ಸೀಮಿತವಾಗಿದ್ದು, ಮುಖ್ಯವಾಗಿ ಅಧಿಕೃತ ಕೆಲಸದ ಮಟ್ಟಿಗೆ ಅನ್ವಯಿಸುತ್ತದೆ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಭಾರತೀಯ ಕಾನ್ಸುಲೇಟ್‌ನ ಅಧಿಕಾರಿಯೊಬ್ಬರನ್ನು ಮನೆಗೆಲಸದವರ ವೀಸಾ ಅರ್ಜಿಯ ವಿಚಾರವಾಗಿ ಅಮೆರಿಕದ ಅಧಿಕಾರಿಗಳು ಬಂಧಿಸಿದಾಗ ಎರಡೂ ದೇಶಗಳ ನಡುವೆ ಎದ್ದ ಬಿರುಗಾಳಿಯ ಮೂಲದಲ್ಲಿ ಈ ವ್ಯತ್ಯಾಸವೇ ಇತ್ತು.

ಭಾರತೀಯ ವಿದೇಶಾಂಗ ಸೇವೆ, ಅಂದರೆ ಐಎಫ್‌ಎಸ್, ರೂಪುಗೊಂಡದ್ದು ಸ್ವಾತಂತ್ರ್ಯಕ್ಕೂ ಮುಂಚೆ, 1946ರ ಅಕ್ಟೋಬರ್ 9ರಂದು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಆಯ್ಕೆಯಾದವರು ಮಸ್ಸೂರಿಯಲ್ಲಿ ಇತರ ಸೇವೆಗಳವರೊಂದಿಗೆ ಅಡಿಪಾಯ ತರಬೇತಿ ಮುಗಿಸಿ, ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ಮುಂದಿನ ಪಾಠ ಕಲಿತು, ಬಳಿಕ ತೃತೀಯ ಕಾರ್ಯದರ್ಶಿಯಾಗಿ ಹೊರದೇಶಕ್ಕೆ ಹೊರಡುತ್ತಾರೆ. ಅಲ್ಲಿ ಮೊದಲ ಕರ್ತವ್ಯ ಭಾಷೆ ಕಲಿಯುವುದು. ಅರೇಬಿಕ್, ಚೀನಿ, ರಷ್ಯನ್, ಜಪಾನಿ, ಸ್ಪ್ಯಾನಿಷ್ ಮುಂತಾದ ಒಂದು ಭಾಷೆಯನ್ನು ಕಡ್ಡಾಯವಾಗಿ ಕಲಿತು ಪರೀಕ್ಷೆ ಪಾಸು ಮಾಡಿದ ಮೇಲೆಯೇ ಸೇವೆ ಕಾಯಂ ಆಗುತ್ತದೆ. ಅಲ್ಲಿಂದ ದ್ವಿತೀಯ ಕಾರ್ಯದರ್ಶಿ, ಪ್ರಥಮ ಕಾರ್ಯದರ್ಶಿ, ಕೌನ್ಸಿಲರ್, ಮಿನಿಸ್ಟರ್, ರಾಯಭಾರಿ ಎಂಬ ಮೆಟ್ಟಿಲುಗಳು. ಸಾಮಾನ್ಯವಾಗಿ ಒಂದೂರಿನಲ್ಲಿ ಮೂರು ವರ್ಷ, ಬದುಕು ಕಠಿಣವಾದ ಊರುಗಳಲ್ಲಿ ಎರಡು ವರ್ಷ, ನಡುನಡುವೆ ದೆಹಲಿ. ಯಾರಿಗೂ ಬದುಕೆಲ್ಲ ಪ್ಯಾರಿಸ್ ಸಿಗದಿರಲೆಂದು, ಯಾರಿಗೂ ಬದುಕೆಲ್ಲ ಯುದ್ಧಭೂಮಿ ಬೀಳದಿರಲೆಂದು ಊರುಗಳನ್ನೇ ಶ್ರೇಣಿಗಳಾಗಿ ವಿಂಗಡಿಸಿ ಸರದಿಯಂತೆ ಹಂಚುವ ಪದ್ಧತಿಯಿದೆ. ಒಬ್ಬರೇ ರಾಯಭಾರಿ ಹಲವು ದೇಶಗಳಿಗೆ ಮಾನ್ಯರಾಗಿರುವುದೂ ಉಂಟು. ಫಿಜಿಯ ಸುವಾದಲ್ಲಿರುವ ಭಾರತದ ಹೈಕಮಿಷನರ್ ಟೋಂಗಾ, ತುವಾಲು ಮೊದಲಾದ ಪೆಸಿಫಿಕ್ ದ್ವೀಪರಾಷ್ಟ್ರಗಳ ಹೊಣೆಯನ್ನೂ ಹೊರುತ್ತಾರೆ.

ರಾಜಕೀಯ ವಿಭಾಗದ ಅಧಿಕಾರಿಯ ಬೆಳಗು ಅಲ್ಲಿನ ಪತ್ರಿಕೆಗಳಿಂದ ಶುರುವಾಗುತ್ತದೆ. ಸಂಪಾದಕೀಯದ ಧೋರಣೆ ಬದಲಾಗಿದೆಯೇ, ಯಾವ ಮಂತ್ರಿಯ ಹೆಸರು ಇದ್ದಕ್ಕಿದ್ದಂತೆ ಕಾಣೆಯಾಗಿದೆ, ಬೆಲೆ ಏರಿಕೆಯ ಬಗ್ಗೆ ಊರ ಜನ ಏನಾಡಿಕೊಳ್ಳುತ್ತಿದ್ದಾರೆ ಎಂಬುದನ್ನೆಲ್ಲ ಗುರುತು ಹಾಕಿಕೊಂಡು, ಹಗಲು ಅದನ್ನು ಬಲ್ಲವರೊಂದಿಗೆ ಮಾತಾಡಿ ಖಚಿತಪಡಿಸಿಕೊಂಡು, ಸಂಜೆ ಅದರ ಸಾರವನ್ನು ಸಂಕೇತಲಿಪಿಯ ತಂತಿಯಾಗಿ, ಅಂದರೆ ‘ಸೈಫರ್’ ಸಂದೇಶವಾಗಿ ದೆಹಲಿಗೆ ಕಳುಹಿಸಬೇಕು. ಇಂಥ ಒಂದು ಸಂದೇಶ ಇತಿಹಾಸದ ದಿಕ್ಕನ್ನು ಬದಲಿಸಬಲ್ಲದು, ಓದಿದವರು ನಂಬಿದರೆ. 1950ರ ಅಕ್ಟೋಬರ್ 2ರ ನಡುರಾತ್ರಿ ಬೀಜಿಂಗ್‌ನಲ್ಲಿ ಭಾರತದ ರಾಯಭಾರಿಯಾಗಿದ್ದ ಕೆ.ಎಂ. ಪಣಿಕ್ಕರ್ ಅವರನ್ನು ನಿದ್ದೆಯಿಂದ ಎಬ್ಬಿಸಿ ಕರೆಸಿಕೊಂಡ ಚೀನದ ಪ್ರಧಾನಿ ಚೌ ಎನ್‌ಲೈ, ಅಮೆರಿಕದ ಸೇನೆ ಕೊರಿಯಾದ 38ನೆಯ ಅಕ್ಷಾಂಶ ರೇಖೆಯನ್ನು ದಾಟಿದರೆ ಚೀನ ಯುದ್ಧಕ್ಕಿಳಿಯುತ್ತದೆ ಎಂದು ತಿಳಿಸಿದರು. ಪಣಿಕ್ಕರ್ ಅದನ್ನು ದೆಹಲಿಗೆ ತಿಳಿಸಿದರು, ದೆಹಲಿ ವಾಷಿಂಗ್ಟನ್ನಿಗೂ ಲಂಡನ್ನಿಗೂ ಮುಟ್ಟಿಸಿತು. ವಾಷಿಂಗ್ಟನ್ ಅದನ್ನು ಬರಿಯ ಬೆದರಿಕೆ ಎಂದು ತಳ್ಳಿಹಾಕಿತು. ಆ ತಿಂಗಳು ಮುಗಿಯುವುದರೊಳಗೆ ಚೀನೀ ಸೈನಿಕರು ಕೊರಿಯಾದ ನೆಲದಲ್ಲಿದ್ದರು. ಅದೇ ವರ್ಷದ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಭಾರತದ ಪ್ರತಿನಿಧಿ, ಮಂಗಳೂರು ಮೂಲದ ಬೆನೆಗಲ್ ನರಸಿಂಗ ರಾವ್ ಎಂಬುದನ್ನೂ ಇಲ್ಲಿ ನೆನೆಯಬಹುದು.

ಈ ಬರವಣಿಗೆ ಹೇಗಿರುತ್ತದೆ ಎಂಬುದು ಹೊರಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ತಿಳಿದದ್ದು 2010ರ ನವೆಂಬರ್‌ನಿಂದೀಚೆಗೆ, ವಿಕಿಲೀಕ್ಸ್ ಅಮೆರಿಕದ ಎರಡೂವರೆ ಲಕ್ಷಕ್ಕೂ ಹೆಚ್ಚು ರಾಜತಾಂತ್ರಿಕ ಸಂದೇಶಗಳನ್ನು ಬಯಲಿಗೆಳೆದಾಗ. ಒಳಸಂಚುಗಳನ್ನು ನಿರೀಕ್ಷಿಸಿದ್ದವರಿಗೆ ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ತಾಳ್ಮೆಯಿಂದ ಕಂಡು ಬರೆದ ಗದ್ಯ. 2006ರಲ್ಲಿ ರಷ್ಯಾದ ದಾಗೆಸ್ತಾನದಲ್ಲಿ ನಡೆದ ಸಿರಿವಂತರ ಮದುವೆಯೊಂದನ್ನು ಕುರಿತ ಸಂದೇಶ ಇವುಗಳಲ್ಲಿ ಪ್ರಸಿದ್ಧವಾದದ್ದು: ಯಾರು ಯಾರೊಂದಿಗೆ ಕುಳಿತರು, ಎಷ್ಟು ಕುಡಿದರು, ಚೆಚೆನ್ಯಾದ ನಾಯಕ ರಮ್ಜಾನ್ ಕಾದಿರೋವ್ ಸೊಂಟಕ್ಕೆ ಚಿನ್ನದ ಲೇಪದ ಪಿಸ್ತೂಲು ಸಿಕ್ಕಿಸಿಕೊಂಡು ಹೇಗೆ ಕುಣಿದರು ಎಂಬ ವಿವರಗಳ ಮೂಲಕವೇ ಆ ಪ್ರದೇಶದಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಅದು ಬಿಡಿಸಿಡುತ್ತದೆ. ಇದಕ್ಕೆ ತೀರ ವಿರುದ್ಧವಾದ ಬರವಣಿಗೆ ‘ನೋಟ್ ವರ್ಬಾಲ್’, ಅಂದರೆ ರಾಯಭಾರ ಕಚೇರಿಯು ಆತಿಥೇಯ ದೇಶದ ವಿದೇಶಾಂಗ ಸಚಿವಾಲಯಕ್ಕೆ ಬರೆಯುವ ಅಧಿಕೃತ ಟಿಪ್ಪಣಿ. ಅದು ಪ್ರಥಮ ಪುರುಷದಲ್ಲಿ, ವಂದನೆಯೊಂದಿಗೆ ಆರಂಭವಾಗಿ ವಂದನೆಯೊಂದಿಗೆ ಮುಗಿಯುತ್ತದೆ. ಕೆಳಗೆ ಮೊಹರು ಮತ್ತು ಚುಟುಕು ಸಹಿ ಮಾತ್ರ. ಸಿಬ್ಬಂದಿಯ ಕಾರಿಗೆ ನಂಬರ್ ಪ್ಲೇಟ್ ಕೇಳುವುದಿರಲಿ, ಗಡಿಯಲ್ಲಿ ಗುಂಡು ಹಾರಿದ್ದಕ್ಕೆ ಪ್ರತಿಭಟನೆ ಸಲ್ಲಿಸುವುದಿರಲಿ, ಸೌಜನ್ಯದ ಸಾಲುಗಳು ಒಂದೇ. ಸರ್ಕಾರದ ನಿಲುವನ್ನು ಖುದ್ದಾಗಿ ಹೋಗಿ ಔಪಚಾರಿಕವಾಗಿ ತಿಳಿಸುವುದಕ್ಕೆ ‘ಡೆಮಾರ್ಷ್’ ಎನ್ನುತ್ತಾರೆ.

ಔತಣಕೂಟವೂ ಈ ಕೆಲಸದ ಮುಂದುವರಿಕೆಯೇ. ಕಚೇರಿಯಲ್ಲಿ ಹೇಳಲಾಗದ್ದನ್ನು ತಟ್ಟೆ ಹಿಡಿದು ನಿಂತಾಗ ಹೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಯಾರನ್ನು ಎಲ್ಲಿ ಕೂರಿಸಬೇಕೆಂಬ ಜಗಳಕ್ಕೆ 1815ರ ವಿಯೆನ್ನಾ ಸಮಾವೇಶವೇ ಪರಿಹಾರ ಹುಡುಕಿತು: ದೇಶ ದೊಡ್ಡದೋ ಚಿಕ್ಕದೋ ಎಂದು ನೋಡದೆ, ರಾಯಭಾರಿ ಆ ಊರಿಗೆ ಬಂದು ಅಧಿಕಾರ ವಹಿಸಿಕೊಂಡ ದಿನಾಂಕದ ಮೇಲೆ ಹಿರಿತನ ನಿರ್ಧಾರವಾಗುತ್ತದೆ. ಹೀಗಾಗಿ ಪುಟ್ಟ ದ್ವೀಪರಾಷ್ಟ್ರದ ರಾಯಭಾರಿಯೂ ದೀರ್ಘಕಾಲ ಒಂದೇ ಊರಿನಲ್ಲಿದ್ದರೆ ರಾಯಭಾರಿ ಸಮೂಹದ ಹಿರಿಯರಾಗಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ. ದಿನವಿಡೀ ದುಡಿದು ರಾತ್ರಿ ಹತ್ತರವರೆಗೆ ನಗುತ್ತ ನಿಲ್ಲಬೇಕಾದ ಈ ಭಾಗವನ್ನು ಬಹುಪಾಲು ಅಧಿಕಾರಿಗಳು ಸುಖವೆಂದು ಎಣಿಸುವುದಿಲ್ಲ. ಇದಕ್ಕೆ ಪ್ರತ್ಯೇಕ ಅನುದಾನವಿದ್ದರೂ ಅದು ಸರ್ಕಾರಿ ಹಣ. ಮಹಾಲೇಖಪಾಲರ ಪರಿಶೋಧನೆಯಿಂದ ವಿದೇಶದ ಕಚೇರಿಗಳೂ ಹೊರತಲ್ಲ.

ಆದರೆ ಭಾರತದ ಮಟ್ಟಿಗೆ, ಅದರಲ್ಲೂ ಕೊಲ್ಲಿ ರಾಷ್ಟ್ರಗಳಲ್ಲಿ, ರಾಯಭಾರ ಕಚೇರಿಯ ನಿಜವಾದ ಭಾರ ಇರುವುದು ನೆಲಮಹಡಿಯ ಕೌಂಟರುಗಳಲ್ಲಿ. ಆರು ಕೊಲ್ಲಿ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿಂದ ಬರುವ ಹಣದಿಂದ. ಅವರ ಪಾಸ್‌ಪೋರ್ಟ್ ನವೀಕರಣ, ಮಗುವಿನ ಜನನ ನೋಂದಣಿ, ಅಧಿಕಾರಪತ್ರಕ್ಕೆ ದೃಢೀಕರಣ, ಮದುವೆಗೆ ಅಡ್ಡಿಯಿಲ್ಲವೆಂಬ ಪ್ರಮಾಣಪತ್ರ ಇವೆಲ್ಲ ನಿತ್ಯದ ಪಾಡು. ವೀಸಾ ಮತ್ತು ಪಾಸ್‌ಪೋರ್ಟ್ ಅರ್ಜಿಗಳ ಸ್ವೀಕಾರವನ್ನು ಬಹಳಷ್ಟು ಕಡೆ ಖಾಸಗಿ ಏಜೆನ್ಸಿಗಳಿಗೆ ವಹಿಸಲಾಗಿದೆ. ತೀರ್ಮಾನ ಮತ್ತು ಸಹಿ ಮಾತ್ರ ಅಧಿಕಾರಿಯದು. ಏಜೆನ್ಸಿಗೆ ವಹಿಸಲಾಗದ್ದು ಸಂಕಟದ ಪ್ರಕರಣಗಳು.

ಅವುಗಳಲ್ಲಿ ಅತ್ಯಂತ ಕಷ್ಟದ್ದು ಸಾವು. ಕಾರ್ಮಿಕನೊಬ್ಬ ಕೊಲ್ಲಿಯ ಊರಿನಲ್ಲಿ ತೀರಿಕೊಂಡನೆಂದರೆ ಪಾರ್ಥಿವ ಶರೀರವನ್ನು ಮನೆಗೆ ಕಳುಹಿಸುವ ಮೊದಲು ಆಸ್ಪತ್ರೆಯ ಮರಣ ವರದಿ, ಪೊಲೀಸರ ವರದಿ, ಊರಿನಲ್ಲಿರುವ ಹತ್ತಿರದ ಬಂಧುವಿನ ಒಪ್ಪಿಗೆ ಪತ್ರ, ಮೃತರ ಪಾಸ್‌ಪೋರ್ಟ್ ರದ್ದತಿ, ರಾಯಭಾರ ಕಚೇರಿಯಲ್ಲಿ ಮರಣ ನೋಂದಣಿ, ನಿರಾಕ್ಷೇಪಣಾ ಪತ್ರ, ಶರೀರ ಕೆಡದಂತೆ ಔಷಧ ಲೇಪಿಸಿದ ಪ್ರಮಾಣಪತ್ರ, ವಿಮಾನ ಸಂಸ್ಥೆಯ ಕಾರ್ಗೋ ಚೀಟಿ ಇಷ್ಟೂ ಕೈಸೇರಬೇಕು. ಇವುಗಳಲ್ಲಿ ಕೆಲವು ಅರೇಬಿಕ್‌ನಲ್ಲಿರುತ್ತವೆ, ಅನುವಾದವಾಗಬೇಕು. ಸಾವು ಅಪಘಾತದಲ್ಲೋ ಆತ್ಮಹತ್ಯೆಯಿಂದಲೋ ಆಗಿದ್ದರೆ ತನಿಖೆ ಮುಗಿಯುವವರೆಗೆ ಕಾಯಬೇಕು. ಉದ್ಯೋಗದಾತನಿಂದ ಬರಬೇಕಾದ ಬಾಕಿ ಸಂಬಳ, ವಿಮೆ, ಪರಿಹಾರದ ಹಣ ವರ್ಷಗಟ್ಟಲೆ ಎಳೆಯಬಹುದು. ಈ ನಡುವೆ ಊರಿನಿಂದ ತಾಯಿಯೋ ಹೆಂಡತಿಯೋ ಫೋನ್ ಮಾಡಿ ‘ಯಾವಾಗ ಬರುತ್ತೆ ಸಾರ್’ ಎಂದು ಕೇಳುತ್ತಾರೆ. ಸಮುದಾಯ ಕಲ್ಯಾಣ ವಿಭಾಗದ ಅಧಿಕಾರಿಗೆ ಈ ಪ್ರಶ್ನೆಗೆ ಉತ್ತರಿಸಲು ಯಾವ ತರಬೇತಿ ಸಂಸ್ಥೆಯೂ ಕಲಿಸಲಾರದು. ಕಚೇರಿಯ ಸಿಬ್ಬಂದಿಯ ಜೊತೆಗೆ ಶವಾಗಾರಕ್ಕೂ ಪೊಲೀಸ್ ಠಾಣೆಗೂ ಅಲೆಯುವ ಸ್ಥಳೀಯ ಭಾರತೀಯ ಸ್ವಯಂಸೇವಕರು ಇಲ್ಲದಿದ್ದರೆ ಈ ವ್ಯವಸ್ಥೆ ನಡೆಯುವುದೇ ಕಷ್ಟ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಣವಿಲ್ಲದ ಕುಟುಂಬಗಳಿಗಾಗಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಯಿತು. ಕಾನ್ಸುಲರ್ ಸೇವೆಗಳ ಮೇಲೆ ವಿಧಿಸುವ ಸಣ್ಣ ಶುಲ್ಕದಿಂದ ಕೂಡುವ ಈ ನಿಧಿಯಿಂದ ಪಾರ್ಥಿವ ಶರೀರದ ಸಾಗಣೆ, ತುರ್ತು ಚಿಕಿತ್ಸೆ, ತಾತ್ಕಾಲಿಕ ವಸತಿ, ಊರಿಗೆ ವಿಮಾನದ ಟಿಕೆಟ್, ಕೆಲವು ಪ್ರಕರಣಗಳಲ್ಲಿ ವಕೀಲರ ಶುಲ್ಕವನ್ನೂ ಭರಿಸಬಹುದು. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಸಂಬಳ ಕೊಡದೆ ಸತಾಯಿಸುವ ದೂರುಗಳು ಕೊಲ್ಲಿಯಲ್ಲಿ ಹಳೆಯವು. ಕಾರ್ಮಿಕನ ವಾಸದ ಹಕ್ಕನ್ನು ಉದ್ಯೋಗದಾತನಿಗೆ ಗಂಟುಹಾಕುವ ‘ಕಫಾಲಾ’ ಪದ್ಧತಿ ಅದಕ್ಕೆ ಅವಕಾಶ ಮಾಡಿಕೊಟ್ಟಿತ್ತು, ಕೆಲವು ದೇಶಗಳು ಈಚೆಗೆ ಅದನ್ನು ಸಡಿಲಿಸಿವೆ. 2016ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಿರ್ಮಾಣ ಕೆಲಸ ನಿಂತು ಸಾವಿರಾರು ಭಾರತೀಯ ಕಾರ್ಮಿಕರು ಸಂಬಳವಿಲ್ಲದೆ, ಶಿಬಿರಗಳಲ್ಲಿ ಊಟವೂ ಇಲ್ಲದೆ ಉಳಿದಾಗ ಅಲ್ಲಿನ ಭಾರತೀಯ ಕಾನ್ಸುಲೇಟ್ ಅಕ್ಕಿ, ಬೇಳೆ, ಎಣ್ಣೆ ಹಂಚುವ ಕೆಲಸಕ್ಕಿಳಿಯಿತು. ಒಪ್ಪಂದಗಳ ಕರಡು ತಿದ್ದುವ ಕೈಗಳೇ ಆ ವಾರ ಪಡಿತರದ ಲೆಕ್ಕ ಬರೆದವು.

ಜೈಲಿನಲ್ಲಿರುವವರ ವಿಷಯದಲ್ಲಿ 1963ರ ಒಪ್ಪಂದದ 36ನೆಯ ವಿಧಿಯೇ ಆಧಾರ. ವಿದೇಶಿ ಪ್ರಜೆಯನ್ನು ಬಂಧಿಸಿದಾಗ ಅವನ ದೇಶದ ಕಾನ್ಸುಲೇಟ್‌ಗೆ ತಿಳಿಸುವಂತೆ ಕೇಳುವ ಹಕ್ಕು ಅವನಿಗಿದೆಯೆಂದು ತಡಮಾಡದೆ ಹೇಳಬೇಕು. ಅಧಿಕಾರಿಯು ಅವನನ್ನು ಕಂಡು ಮಾತಾಡಬಹುದು, ವಕೀಲರನ್ನು ಗೊತ್ತುಪಡಿಸಬಹುದು. ಆದರೆ ಬಿಡಿಸಿಕೊಂಡು ಬರುವ ಅಧಿಕಾರ ಅವರಿಗಿಲ್ಲ, ತೀರ್ಪಿನಲ್ಲಿ ಕೈಹಾಕುವ ಅಧಿಕಾರವೂ ಇಲ್ಲ. ಕುಟುಂಬಗಳು ರಾಯಭಾರ ಕಚೇರಿಯ ಮೇಲೆ ಮುನಿಯುವುದು ಹೆಚ್ಚಾಗಿ ಈ ಮಿತಿ ತಿಳಿಯದೆ ಇರುವುದರಿಂದ. ಹಕ್ಕು ಚಿಕ್ಕದಾಗಿ ಕಂಡರೂ ಅದರ ಬೆಲೆ ಎಷ್ಟೆಂಬುದು ಪಾಕಿಸ್ತಾನದಲ್ಲಿ ಶಿಕ್ಷೆಗೊಳಗಾದ ಭಾರತೀಯ ಕುಲಭೂಷಣ್ ಜಾಧವ್ ಅವರ ಪ್ರಕರಣದಲ್ಲಿ ಗೊತ್ತಾಯಿತು. ಪಾಕಿಸ್ತಾನ ಈ ವಿಧಿಯನ್ನು ಉಲ್ಲಂಘಿಸಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯವು 2019ರ ಜುಲೈ 17ರಂದು 15–1ರ ಬಹುಮತದಿಂದ ತೀರ್ಪು ನೀಡಿ, ಶಿಕ್ಷೆಯ ಮರುಪರಿಶೀಲನೆಗೆ ಸೂಚಿಸಿತು.

ಯುದ್ಧ ಬಂದಾಗ ಈ ಎಲ್ಲ ಕೆಲಸಗಳೂ ಒಂದೇ ವಾರಕ್ಕೆ ಒತ್ತರಿಸಿಕೊಂಡು ಬರುತ್ತವೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಗಣನೀಯ ಸಂಖ್ಯೆಯಲ್ಲಿದ್ದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರವೂ ಸೇರಿದಂತೆ ಹಲವು ಊರುಗಳಿಂದ ಗಿಡಮೂಲಿಕೆ ಔಷಧ ಮತ್ತು ತಲೆಗೂದಲಿನ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವುದು ಈ ಸಮುದಾಯದ ಈಚಿನ ವೃತ್ತಿ. ಒಂದೇ ಕಂಪನಿಯ ಶಿಬಿರದಲ್ಲಿ ಇರುವವರಲ್ಲ ಇವರು. ಬಾಡಿಗೆ ಕೋಣೆಗಳಲ್ಲಿ, ಬೇರೆಬೇರೆ ಊರುಗಳಲ್ಲಿ, ಕೆಲವರು ಖಾರ್ಟೂಮ್‌ನಿಂದ ಬಹುದೂರದ ಅಲ್ ಫಶೀರ್‌ನಲ್ಲಿ ಇದ್ದರು. ಇಂಥ ಹೊತ್ತಿನಲ್ಲಿ ರಾಯಭಾರ ಕಚೇರಿಯ ಎದುರಿಗೆ ಬರುವ ಮೊದಲ ಪ್ರಶ್ನೆ ವಿಮಾನ ಎಲ್ಲಿಂದ ತರಬೇಕೆಂಬುದಲ್ಲ. ನಮ್ಮವರು ಎಷ್ಟು ಜನ, ಎಲ್ಲೆಲ್ಲಿದ್ದಾರೆ ಎಂಬುದು. ಕಚೇರಿಯ ಸಿಬ್ಬಂದಿಯೇ ಗುಂಡಿನ ಸದ್ದಿನ ನಡುವೆ ಇದ್ದರು, ಕರೆಂಟು ಹೋಗಿ ಫೋನುಗಳ ಚಾರ್ಜ್ ಮುಗಿಯುತ್ತಿತ್ತು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಸರು, ಊರು, ಪಾಸ್‌ಪೋರ್ಟ್ ಸಂಖ್ಯೆಗಳ ಪಟ್ಟಿ ತಯಾರಾಗಬೇಕಿತ್ತು. ಕರ್ನಾಟಕದಲ್ಲಿ ವಿಧಾನಸಭಾ ಚುನಾವಣೆಯ ಕಾವು ಇದ್ದುದರಿಂದ ಇದು ರಾಜಕೀಯ ವಾಗ್ವಾದಕ್ಕೂ ಎಡೆಯಾಯಿತು.

‘ಆಪರೇಷನ್ ಕಾವೇರಿ’ ಎಂಬ ಹೆಸರಿನ ಆ ಕಾರ್ಯಾಚರಣೆಯಲ್ಲಿ ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್ ಬಂದರಿಗೆ ಬಸ್ಸುಗಳಲ್ಲಿ, ಅಲ್ಲಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಒಟ್ಟು 3,862 ಜನರನ್ನು ಕರೆತರಲಾಯಿತು. ಡೀಸೆಲ್ ಸಿಗದ ಊರಿನಲ್ಲಿ ಬಸ್ಸು ಹೊಂದಿಸುವುದು, ಎರಡೂ ಪಡೆಗಳ ಚೆಕ್‌ಪೋಸ್ಟ್‌ಗಳಿಗೆ ಮುಂಚಿತವಾಗಿ ಹೇಳಿಡುವುದು, ಕದನವಿರಾಮದ ಗಂಟೆಗಳನ್ನು ನೋಡಿ ಹೊರಡಿಸುವುದು ಮುಂತಾದ ಅಡಿಪಾಯದ ಕೆಲಸವೆಲ್ಲ ರಾಯಭಾರ ಕಚೇರಿಯದು. ಬಂದಿಳಿದವರಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳದಿದ್ದ ಕೆಲವರನ್ನು ನಿಯಮದಂತೆ ಪ್ರತ್ಯೇಕವಾಗಿ ಇರಿಸಬೇಕಾಯಿತು. ಇದಕ್ಕೂ ದೊಡ್ಡ ಪ್ರಮಾಣದಲ್ಲಿ, 1990ರಲ್ಲಿ ಇರಾಕ್ ಕುವೈತ್ ಅನ್ನು ಆಕ್ರಮಿಸಿದಾಗ, ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ತೆರವುಗೊಳಿಸಲಾಗಿತ್ತು. ಅದನ್ನು ಆಧರಿಸಿ 2016ರಲ್ಲಿ ತೆರೆಕಂಡ ‘ಏರ್‌ಲಿಫ್ಟ್’ ಹಿಂದಿ ಚಿತ್ರ ಅಧಿಕಾರಿಗಳನ್ನು ನಿಷ್ಕ್ರಿಯರೆಂಬಂತೆ ತೋರಿಸಿದಾಗ ವಿದೇಶಾಂಗ ಸಚಿವಾಲಯ ಮತ್ತು ಹಲವು ನಿವೃತ್ತ ರಾಯಭಾರಿಗಳು ಬಹಿರಂಗವಾಗಿಯೇ ಆಕ್ಷೇಪಿಸಿದರು. ಪಟ್ಟಿ ಬರೆಯುವವರನ್ನು ನಾಯಕರನ್ನಾಗಿ ತೋರಿಸುವುದು ಸಿನಿಮಾಕ್ಕೆ ಕಷ್ಟವೇನೋ!

ಮನೆಯೊಳಗಿನ ಬದುಕಿನ ಲೆಕ್ಕ ಬೇರೆ. ಮೂರು ವರ್ಷಕ್ಕೊಮ್ಮೆ ಸಾಮಾನು ಕಟ್ಟುವ ಸಂಸಾರದಲ್ಲಿ ಮಕ್ಕಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ನಾಲ್ಕು ಶಾಲೆ, ಮೂರು ಪಠ್ಯಕ್ರಮ ಕಂಡಿರುವುದು ವಿಶೇಷವೇನಲ್ಲ. ಸಂಗಾತಿಗೆ ಉದ್ಯೋಗ ಮಾಡಲು ಆ ದೇಶದ ಅನುಮತಿ ಬೇಕು. ಭಾರತವು ಹಲವು ದೇಶಗಳೊಂದಿಗೆ ಇದಕ್ಕಾಗಿ ಪರಸ್ಪರ ಒಪ್ಪಂದ ಮಾಡಿಕೊಂಡಿದ್ದರೂ ಎಲ್ಲೆಡೆಯೂ ಅದಿಲ್ಲ. ವೈದ್ಯೆಯೋ ವಕೀಲೆಯೋ ಆದವರು ಗಂಡನ ವರ್ಗಾವಣೆಯ ಹಿಂದೆ ಹೋಗಿ ಅತಿಥಿ ಸತ್ಕಾರದಲ್ಲೇ ವರ್ಷಗಳನ್ನು ಕಳೆದದ್ದುಂಟು. ಊರಿನಲ್ಲಿ ವಯಸ್ಸಾದ ತಂದೆತಾಯಿ ಕಾಯಿಲೆ ಬಿದ್ದರೆ ರಜೆ ಮಂಜೂರಾಗಿ ವಿಮಾನ ಹತ್ತುವ ಹೊತ್ತಿಗೆ ತಡವಾಗಿರುತ್ತದೆ.

ಹೆಣ್ಣುಮಕ್ಕಳಿಗೆ ಈ ಸೇವೆ ಇನ್ನೂ ಕಠಿಣವಾಗಿತ್ತು ಎಂಬುದಕ್ಕೆ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರ ಬದುಕೇ ದಾಖಲೆ. 1924ರಲ್ಲಿ ಜನಿಸಿ, ಮಡಿಕೇರಿಯಲ್ಲೂ ಮದ್ರಾಸಿನಲ್ಲೂ ಓದಿದ ಅವರು 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಸಂದರ್ಶನ ಮಂಡಳಿ ಅವರನ್ನು ಈ ಸೇವೆಯಿಂದ ವಿಮುಖಗೊಳಿಸಲು ಯತ್ನಿಸಿತು. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮ 1961ರ ನಿಯಮಾವಳಿಯಲ್ಲೂ ಮುಂದುವರಿದಿತ್ತು. ಪ್ಯಾರಿಸ್, ರಂಗೂನ್, ಲಂಡನ್‌ಗಳಲ್ಲಿ ದುಡಿದು 1970ರಲ್ಲಿ ಹಂಗೇರಿಯ ರಾಯಭಾರಿಯಾದ ಮುತ್ತಮ್ಮ, ಸೇವೆಯ ಒಳಗಿನಿಂದಲೇ ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ. ಅವರಿಗಿಂತ ಮೊದಲಿನ ವಿಜಯಲಕ್ಷ್ಮಿ ಪಂಡಿತ್ ಅವರದು ರಾಜಕೀಯ ನೇಮಕವಾಗಿತ್ತು. ಮೇಲಿನ ಶ್ರೇಣಿಗೆ ಬಡ್ತಿ ನಿರಾಕರಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ವಿಚಾರಣೆಯ ಹೊತ್ತಿಗೆ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿದ್ದರಿಂದ ಅರ್ಜಿ ವಜಾ ಆಯಿತಾದರೂ, 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಆ ನಿಯಮಗಳನ್ನು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಕಟುವಾಗಿ ಟೀಕಿಸಿತು, ಸರ್ಕಾರ ಅವುಗಳನ್ನು ಕೈಬಿಟ್ಟಿತು. ನೆದರ್‌ಲ್ಯಾಂಡ್ಸ್‌ನಲ್ಲೂ ರಾಯಭಾರಿಯಾಗಿ 1982ರಲ್ಲಿ ನಿವೃತ್ತರಾದ ಅವರು ಕೊನೆಯವರೆಗೂ ಅವಿವಾಹಿತರಾಗಿ ಉಳಿದು 2009ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ, ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯಾದರು. ವಿವಾಹಿತೆ, ಇಬ್ಬರು ಮಕ್ಕಳ ತಾಯಿ.

ಅಪಾಯದ ಮಾತನ್ನು ಚಿಕ್ಕದಾಗಿಯಾದರೂ ಹೇಳಬೇಕು. 1984ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಪಹೃತರಾದ ಭಾರತೀಯ ರಾಜತಾಂತ್ರಿಕ ಅಧಿಕಾರಿ ರವೀಂದ್ರ ಮ್ಹಾತ್ರೆ ಎರಡು ದಿನಗಳ ಬಳಿಕ ಶವವಾಗಿ ಸಿಕ್ಕರು. 2008ರ ಜುಲೈ 7ರಂದು ಕಾಬೂಲ್‌ನ ಭಾರತೀಯ ರಾಯಭಾರ ಕಚೇರಿಯ ಗೇಟಿನಲ್ಲಿ ಸಿಡಿದ ಕಾರ್ ಬಾಂಬಿಗೆ ಕೌನ್ಸಿಲರ್ ವಿ. ವೆಂಕಟೇಶ್ವರ ರಾವ್ ಮತ್ತು ಸೇನಾ ಪ್ರತಿನಿಧಿ ಬ್ರಿಗೇಡಿಯರ್ ಆರ್.ಡಿ. ಮೆಹ್ತಾ ಬಲಿಯಾದರು, ಸತ್ತವರಲ್ಲಿ ಹೆಚ್ಚಿನವರು ವೀಸಾಕ್ಕೆಂದು ಬಂದಿದ್ದ ಅಥವಾ ದಾರಿಯಲ್ಲಿ ಹೋಗುತ್ತಿದ್ದ ಆಫ್ಘನ್ ಪ್ರಜೆಗಳು.

ಇಷ್ಟೆಲ್ಲ ಹೊಣೆ ಹೊರುವ ಐಎಫ್‌ಎಸ್ ಅಧಿಕಾರಿಗಳ ಸಂಖ್ಯೆ ಸುಮಾರು ಒಂದು ಸಾವಿರ. ಅವರಲ್ಲಿ ಒಂದು ಪಾಲು ದೆಹಲಿಯಲ್ಲೇ ಇರಬೇಕು, ಉಳಿದವರು ಹೊರಗಿನ ಸುಮಾರು 200 ಕಚೇರಿಗಳಿಗೆ ಹಂಚಿಹೋಗಬೇಕು. ಕೆಳಹಂತದ ಸಿಬ್ಬಂದಿ, ಬೇರೆ ಇಲಾಖೆಗಳಿಂದ ಬಂದವರು, ಸ್ಥಳೀಯವಾಗಿ ನೇಮಕಗೊಂಡವರು ಜೊತೆಗಿದ್ದರೂ ಸಣ್ಣ ಕಚೇರಿಗಳಲ್ಲಿ ಎರಡು ಮೂರು ಅಧಿಕಾರಿಗಳೇ ವ್ಯಾಪಾರ, ಸಂಸ್ಕೃತಿ, ಪಾಸ್‌ಪೋರ್ಟ್, ಜೂನ್ 21ರ ಯೋಗ ದಿನ ಎಲ್ಲವನ್ನೂ ನಡೆಸುತ್ತಾರೆ. ಈ ಬಲ ದೇಶದ ಗಾತ್ರಕ್ಕೂ ಆಕಾಂಕ್ಷೆಗೂ ಸಾಲದು ಎಂದು ಸಂಸತ್ತಿನ ಸ್ಥಾಯಿ ಸಮಿತಿ ಮತ್ತೆ ಮತ್ತೆ ಹೇಳಿದೆ. ಅದು ನ್ಯಾಯವಾದ ಮಾತು. ಜಾಗತಿಕ ಶಕ್ತಿಯಾಗುವ ಭಾಷಣಗಳಿಗಿಂತ ರಿಯಾದ್‌ನ ಕೌಂಟರಿನಲ್ಲಿ ಇನ್ನೂ ನಾಲ್ವರು ಕಾರ್ಮಿಕ ಅಧಿಕಾರಿಗಳು ಕೂರುವುದು ಹೆಚ್ಚು ಉಪಯೋಗದ್ದು.

ಹೊರಡುವವರ ಕಡೆಯಿಂದಲೂ ಆಗಬೇಕಾದದ್ದಿದೆ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಪಡೆಯುವುದು ಕಡ್ಡಾಯ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿದವರು ಸಂಕಟಕ್ಕೆ ಸಿಕ್ಕಿದಾಗ ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಹೊರತುಪಡಿಸಿ 30,000 ರೂಪಾಯಿ ಮಾತ್ರ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ ವಿಮೆಯಿದೆ. ದೂರುಗಳಿಗೆ 2015ರಿಂದ ‘ಮದದ್’ ಎಂಬ ಆನ್‌ಲೈನ್ ವ್ಯವಸ್ಥೆಯಿದೆ. ಹೊರದೇಶಕ್ಕೆ ಹೋದವರು ತಲುಪಿದ ವಾರದಲ್ಲೇ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಪಾಸ್‌ಪೋರ್ಟ್ ಮತ್ತು ಉದ್ಯೋಗ ಕರಾರಿನ ಪ್ರತಿಯನ್ನು, ಆ ಕಚೇರಿಯ ತುರ್ತು ದೂರವಾಣಿ ಸಂಖ್ಯೆಯನ್ನು ಊರಿನ ಮನೆಯಲ್ಲೂ ಒಂದು ಕಡೆ ಇಟ್ಟಿರಬೇಕು.